ಇಂದಿನ ಧಮ್ಮಚಿಂತನ: ಮೊದಲಿನಿಂದಲೂ ಹೀಗೇ ಇತ್ತೇ?



ಹೋದ ವಾರ ನಮ್ಮ ಗುಂಪಿಗೆ ಒಂದು ಫಾರ್ವರ್ಡ್ ಬಂದಿತ್ತು. ಡಾರ್ವಿನ್ ಹುಟ್ಟುವುದಕ್ಕೆ ಎರಡು ಸಾವಿರ ವರ್ಷಕ್ಕೂ ಮೊದಲೇ ಭಗವಾನ್ ಬುದ್ಧರು ಜೀವವಿಕಾಸವನ್ನು ಬೋಧಿಸಿದ್ದರು, ದೀಘ ನಿಕಾಯದ ಅಗ್ಗಞ್ಞ ಸುತ್ತವೇ ಅದಕ್ಕೆ ಸಾಕ್ಷಿ ಎಂದು ಅದರಲ್ಲಿತ್ತು. ಹಲವರು ಕೈಮುಗಿದಿದ್ದಿರಿ, ಕೆಲವರು ನೀಲಿ ಹೃದಯ ಹಾಕಿದ್ದಿರಿ. ನಾನು ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂದು ಎರಡು ಸಾಲಿನಲ್ಲಿ ಬರೆದರೆ ಜಗಳದಂತೆ ಕಾಣುತ್ತದೆ. ಅದಕ್ಕೇ ಇವತ್ತಿನ ಚಿಂತನವನ್ನು ಅದಕ್ಕೆ ಮೀಸಲಿಟ್ಟಿದ್ದೇನೆ. ಉದ್ದವಾಗಿದೆ, ರಾತ್ರಿ ಊಟವಾದ ಮೇಲೆ ಓದಿ.

ನಾನು ಕನ್ನಡ ಮೇಷ್ಟ್ರು. ಜೀವವಿಕಾಸ ನನ್ನ ವಿಷಯವಲ್ಲ. ಆದರೆ ಸೃಷ್ಟಿಯ ಕಥೆಗಳು ಮಕ್ಕಳಿಗೆ ಸಿಗುವುದು ನನ್ನ ಪಿರಿಯಡ್ಡಿನಲ್ಲೇ. ಜನಪದ ಮಹಾಕಾವ್ಯ ಎಂದ ತಕ್ಷಣ ಮಂಟೇಸ್ವಾಮಿ ಬರಬೇಕು. ನಮ್ಮ ಮಾಂಬಳ್ಳಿ, ಯಳಂದೂರು, ಕೊಳ್ಳೇಗಾಲದ ಕಡೆ ಅದನ್ನು ಬಿಟ್ಟು ಕನ್ನಡ ಪಾಠ ಮಾಡುವುದು ಉಪ್ಪು ಹಾಕದೆ ಸಾರು ಮಾಡಿದಂತೆ. ನೀಲಗಾರರ ಆ ಕಥೆಯಲ್ಲಿ ಲೋಕ ಹುಟ್ಟಿದ ಸಾಲು ಬರುತ್ತದೆ. ಅದರಲ್ಲಿ ಬ್ರಹ್ಮ, ವಿಷ್ಣು, ಈಶ್ವರ ಮೂವರೂ ಆದಿಶಕ್ತಿಯಿಂದ ಆಮೇಲೆ ಹುಟ್ಟಿದವರು. ಗಂಟೆ ಹೊಡೆದು ನಾನು ಹೊರಗೆ ಬಂದರೆ ವಿಜ್ಞಾನದ ಮೇಡಂ ಒಳಗೆ ಹೋಗುತ್ತಾರೆ. ಅವರ ಬೋರ್ಡಿನ ಮೇಲೆ ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ.

ಒಂದು ದಿನ ಹತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಸಾರ್, ನಮ್ ತಾತ ಹಾಡೋದು ಸುಳ್ಳಾ ಹಂಗಾರೆ?" ಅವಳ ತಾತ ಚಿಕ್ಕಲ್ಲೂರು ಜಾತ್ರೆಗೆ ತಂಬೂರಿ ಹೊತ್ತುಕೊಂಡು ಹೋಗುವ ನೀಲಗಾರ. ಪರೀಕ್ಷೆಗೆ ಯಾವುದು ಬರೀಬೇಕು ಎಂದು ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಕೇಳಿದ್ದು ತಾತನ ಮರ್ಯಾದೆಯ ಪ್ರಶ್ನೆ.

ಅವಳಿಗೆ ಏನು ಹೇಳಿದೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಪ್ರಶ್ನೆ ಎಷ್ಟು ದೊಡ್ಡದು ಎಂಬುದನ್ನು ನೋಡೋಣ.

ಸೃಷ್ಟಿವಾದ ಎಂದರೆ ಪುಸ್ತಕಗಳಲ್ಲಿ ಸಿಗುವುದು ಅಮೆರಿಕದ ಕಥೆ. 1925ರಲ್ಲಿ ಟೆನೆಸ್ಸೀ ರಾಜ್ಯದ ಡೇಟನ್ ಎಂಬ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರ ಮೇಲೆ ಜೀವವಿಕಾಸ ಪಾಠ ಮಾಡಿದ್ದಕ್ಕೆ ಕೇಸು ನಡೆದು 100 ಡಾಲರ್ ದಂಡ ಬಿತ್ತು. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಎಂಬಲ್ಲಿ, ಹೆಸರು ಬದಲಿಸಿಕೊಂಡು ವಿಜ್ಞಾನದ ತರಗತಿಗೆ ಬಂದಿದ್ದ ಸೃಷ್ಟಿವಾದವನ್ನು ಕೋರ್ಟು ಹೊರಗೆ ಕಳಿಸಿತು. ಅಲ್ಲಿನ ಜಗಳ ಬೈಬಲಿನ ಮೊದಲ ಪುಟಗಳಿಗೂ ಡಾರ್ವಿನ್‌ಗೂ.

ನಮ್ಮ ದೇಶದಲ್ಲಿ ಇದು ಬೇರೆ ಬಾಗಿಲಿನಿಂದ ಬಂತು. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಕೋತಿ ಮನುಷ್ಯನಾದದ್ದನ್ನು ನೋಡಿದೆವೆಂದು ನಮ್ಮ ಪೂರ್ವಜರು ಯಾರೂ ಹೇಳಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು, ಶಾಲೆಯ ಪಠ್ಯ ಬದಲಾಗಬೇಕು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಐದು ವರ್ಷ ಕಳೆದು 2023ರಲ್ಲಿ ನೋಡಿದರೆ, ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂದಿದ್ದ ಅಧ್ಯಾಯ ಬರೀ 'ಅನುವಂಶೀಯತೆ' ಆಗಿತ್ತು. ಕೊರೊನಾ ನಂತರ ಮಕ್ಕಳ ಹೊರೆ ಇಳಿಸಿದ್ದೇವೆ ಎಂದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪತ್ರ ಬರೆದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದ್ದೇ ಇದೆಯಲ್ಲ ಎಂಬ ಸಮಾಧಾನದ ಉತ್ತರ ಸಿಕ್ಕಿತು.

ಇದ್ದೇ ಇದೆ, ನಿಜ. ಯಾರಿಗೆ? ನಮ್ಮ ಬೀದಿಯ ಮಕ್ಕಳಲ್ಲಿ ಪಿಯುಸಿಗೆ ಸೈನ್ಸ್ ತೆಗೆದುಕೊಂಡವರು ಎಷ್ಟು ಜನ, ನೀವೇ ಬೆರಳು ಮಡಿಸಿ ಎಣಿಸಿ. ಹತ್ತಾದ ಮೇಲೆ ಆರ್ಟ್ಸು, ಕಾಮರ್ಸು, ಐಟಿಐ, ಇಲ್ಲವೇ ಬೆಂಗಳೂರಿನ ಗಾರ್ಮೆಂಟ್ಸು. ಹತ್ತರಲ್ಲಿ ಸಿಗದ ಪಾಠ ಅವರಿಗೆ ಜೀವಮಾನದಲ್ಲಿ ಸಿಗುವುದಿಲ್ಲ.

'ಯಾರೂ ನೋಡಿಲ್ಲ' ಎಂಬ ಮಾತಿಗೆ ಉತ್ತರ ಕೊಡಲು ನಮ್ಮ ಸೀಮೆಯ ಹುಳುಮನೆ ಸಾಕು. ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ನಾನು ಕೇಳುವುದಿಷ್ಟೆ: ಗೂಡು ಒಡೆದು ಬಂದ ಚಿಟ್ಟೆಗೆ ರೆಕ್ಕೆ ಇದೆಯಲ್ಲ, ಹಾರುತ್ತದಾ? ಇಲ್ಲ ಸಾರ್, ಪಟಪಟ ಅಂತ ಬಡ್ಕೊಂಡು ಅಲ್ಲೇ ಬಿದ್ದಿರ್ತದೆ ಎನ್ನುತ್ತಾರೆ. ಚೀನಾದ ಕಾಡಿನಲ್ಲಿ ಇದರ ದಾಯಾದಿ ಈಗಲೂ ಇದೆ, ಅದು ಹಾರುತ್ತದೆ. ಸುಮಾರು ಐದು ಸಾವಿರ ವರ್ಷ ಮನುಷ್ಯರು ತಲೆತಲಾಂತರ ಸಾಕಿದರು. ಹೆಚ್ಚು ನೂಲು ಕೊಡುವ, ತಟ್ಟೆ ಬಿಟ್ಟು ಓಡಿಹೋಗದ ಹುಳುವನ್ನೇ ಬೀಜಕ್ಕೆ ಇಟ್ಟುಕೊಂಡರು. ಒಂದೊಂದು ಬೆಳೆಯಲ್ಲೂ ಆದ ಬದಲಾವಣೆ ಕಣ್ಣಿಗೆ ಕಾಣದಷ್ಟು, ಸಾವಿರಾರು ಬೆಳೆ ಸೇರಿ ಹಾರಲಾರದ ಚಿಟ್ಟೆ. ಮನುಷ್ಯನ ಕೈ ಆಯ್ದದ್ದನ್ನು ಕಾಡಿನಲ್ಲಿ ಹಸಿವು, ಚಳಿ, ರೋಗ, ಬೇಟೆಯ ಪ್ರಾಣಿ ಆಯುತ್ತವೆ. ಅಲ್ಲಿ ಆಯುವವರು ಯಾರೂ ಕೂತಿಲ್ಲ, ಉಳಿದದ್ದು ಮರಿ ಹಾಕುತ್ತದೆ ಅಷ್ಟೆ. ಡಾರ್ವಿನ್ ಕೂಡ 1859ರ ತಮ್ಮ ಪುಸ್ತಕವನ್ನು ಶುರು ಮಾಡಿದ್ದು ಸಾಕಿದ ಪಾರಿವಾಳ, ದನಕರುಗಳಿಂದಲೇ. 1868ರಲ್ಲಿ ಬರೆದ ಇನ್ನೊಂದು ಪುಸ್ತಕದಲ್ಲಿ ರೇಷ್ಮೆ ಹುಳುವಿನ ಮಾತೂ ಇದೆ. ಚಂದ್ರಿಕೆಯ ಮೇಲೆ ಹುಳು ಏರಿಸಿದ ಹುಡುಗನಿಗೆ ಡಾರ್ವಿನ್ ಪರಕೀಯನಲ್ಲ.

ಇನ್ನು ಕೋತಿ. ಮನುಷ್ಯ ಕೋತಿಯಿಂದ ಬಂದಿದ್ದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿ ಇನ್ನೂ ಕೋತಿಯಾಗಿಯೇ ಇರುವುದು ಯಾಕೆ ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಅದು ನಮ್ಮ ಅಜ್ಜ ಅಲ್ಲ ಕಣಪ್ಪಾ, ದಾಯಾದಿ. ಒಂದೇ ಮುತ್ತಾತನ ಎರಡು ಕವಲು. ದಾಯಾದಿ ಇದ್ದಾನೆ ಎಂಬ ಕಾರಣಕ್ಕೆ ನೀನು ಹುಟ್ಟಿಲ್ಲ ಎನ್ನಲಾಗುತ್ತದೆಯೇ?

ಸರಿ, ಇದೆಲ್ಲ ತಿಳಿಯದಿದ್ದರೆ ನಷ್ಟವೇನು? ಗಾರ್ಮೆಂಟ್ಸಿನ ಹೊಲಿಗೆ ಯಂತ್ರಕ್ಕೆ ಡಾರ್ವಿನ್ ಬೇಡ. ಈ ಪ್ರಶ್ನೆಯನ್ನು ನಾನು ತಮಾಷೆಗೆ ಕೇಳುತ್ತಿಲ್ಲ.

ಬೈಬಲಿನ ಕಥೆಯಲ್ಲಿ ಎಲ್ಲ ಮನುಷ್ಯರೂ ಒಬ್ಬ ಆದಾಮನ ಮಕ್ಕಳು. ನಮ್ಮ ನೆತ್ತಿಯ ಮೇಲೆ ಕೂತಿದ್ದ ಸೃಷ್ಟಿಕಥೆ ಅಂಥದ್ದಲ್ಲ. ಋಗ್ವೇದದ ಹತ್ತನೇ ಮಂಡಲದ 90ನೇ ಸೂಕ್ತದಲ್ಲಿ ಪುರುಷನ ಬಾಯಿ, ತೋಳು, ತೊಡೆ, ಪಾದ ಎಂದು ನಾಲ್ಕು ವರ್ಣಗಳಿಗೆ ಪಾಲು ಹಂಚಿಕೆಯಾಗಿದೆ. ನಮಗೆ ಪಾದವೂ ಸಿಗಲಿಲ್ಲ, ಆ ದೇಹದಿಂದ ಆಚೆಗೇ ಇಟ್ಟರು. ಮನುಸ್ಮೃತಿ ಇದೇ ಕಥೆಯನ್ನು ಮೊದಲ ಅಧ್ಯಾಯದಲ್ಲಿ ಎತ್ತಿಕೊಂಡು, ಮುಂದಿನ ಅಧ್ಯಾಯಗಳಲ್ಲಿ ಅದರ ಮೇಲೆ ಶಿಕ್ಷೆಗಳ ಕಟ್ಟಡ ಕಟ್ಟಿತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟದ್ದು ಆ ಪುಸ್ತಕವನ್ನೇ.

ಆ ಸಂಸ್ಕೃತ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಬರುವುದಿಲ್ಲ. ಅದರ ಕನ್ನಡ ಮಾತ್ರ ಎಲ್ಲರಿಗೂ ಗೊತ್ತು. ಹೋಟೆಲಿನಲ್ಲಿ ಲೋಟ ಬೇರೆ ಯಾಕಪ್ಪಾ ಎಂದು ನಮ್ಮ ತಂದೆಯವರ ಕಾಲದಲ್ಲಿ ಯಾರಾದರೂ ಕೇಳಿದ್ದರೆ ಬರುತ್ತಿದ್ದ ಉತ್ತರ, "ಮೊದ್ಲಿಂದ್ಲೂ ಹಿಂಗೇ ಅಲ್ವಾ?" ಸೃಷ್ಟಿವಾದ ಮಾಂಬಳ್ಳಿ ಕಡೆಯ ಮಾತಿನಲ್ಲಿ ಹೇಳುವುದು ಹೀಗೆ. ಮೊದಲಿನಿಂದಲೂ ಇದ್ದದ್ದಕ್ಕೆ ಯಾರೂ ಜವಾಬ್ದಾರರಲ್ಲ, ಯಾರೂ ಕ್ಷಮೆ ಕೇಳಬೇಕಿಲ್ಲ, ಯಾರೂ ಬದಲಿಸಬೇಕಿಲ್ಲ.

ಈ 'ಮೊದಲಿನಿಂದಲೂ' ಎಂಬುದು ಪರೀಕ್ಷಿಸಿ ನೋಡಬಹುದಾದ ಮಾತು. ಅದೇ ವಿಜ್ಞಾನ ನಮಗೆ ಮಾಡಿದ ಉಪಕಾರ. 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ಮತ್ತು ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು 70ಕ್ಕೂ ಹೆಚ್ಚು ಸಮುದಾಯಗಳ ವಂಶವಾಹಿಗಳನ್ನು ಓದಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಧಾರಾಳವಾಗಿ ಬೆರೆತಿದ್ದಾರೆ. ಅತಿ ಮೇಲು ಎನಿಸಿಕೊಂಡವರು, ಅತಿ ಕೀಳು ಎನಿಸಿಕೊಂಡವರು, ಬೆಟ್ಟದ ಆದಿವಾಸಿಗಳು, ಎಲ್ಲರ ಮೈಯಲ್ಲೂ ಆ ಬೆರಕೆಯ ಗುರುತಿದೆ. ಆಮೇಲೆ ಬೆರೆಯುವುದು ನಿಲ್ಲುತ್ತಾ ಬಂತು, ತಂತಮ್ಮೊಳಗೇ ಮದುವೆ ಎಂಬ ಬೇಲಿ ಬಿತ್ತು. ಅಂದರೆ ಬೇಲಿಗೆ ತಾರೀಖು ಇದೆ. ತಾರೀಖು ಇರುವುದು ಸೃಷ್ಟಿಯಲ್ಲ, ಚರಿತ್ರೆ. ಚರಿತ್ರೆಯನ್ನು ಮನುಷ್ಯರು ಮಾಡಿರುತ್ತಾರೆ.

ಬಾಬಾಸಾಹೇಬರು ಈ ಯಾವ ಪ್ರಯೋಗಾಲಯವೂ ಇಲ್ಲದ ಕಾಲದಲ್ಲಿ, 1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25 ವರ್ಷದ ವಿದ್ಯಾರ್ಥಿಯಾಗಿ ಓದಿದ ಪ್ರಬಂಧದಲ್ಲಿ ಜಾತಿಯ ತಿರುಳು ಒಳವಿವಾಹ ಎಂದು ಹೇಳಿದ್ದರು. 1946ರಲ್ಲಿ ಶೂದ್ರರು ಯಾರು ಎಂಬ ಪುಸ್ತಕ ಬರೆದಾಗ ಮೊದಲು ಕೈಗೆತ್ತಿಕೊಂಡದ್ದು ಪುರುಷಸೂಕ್ತವನ್ನೇ. ವೇದಗಳಲ್ಲಿರುವ ಬೇರೆ ಬೇರೆ ಸೃಷ್ಟಿಕಥೆಗಳನ್ನು ಪಕ್ಕಪಕ್ಕ ಇಟ್ಟು, ಒಂದಕ್ಕೊಂದು ಹೇಗೆ ಕೂಡುವುದಿಲ್ಲ ಎಂದು ತೋರಿಸಿ, ಈ ಸೂಕ್ತ ಆಮೇಲೆ ಸೇರಿದ್ದು ಎಂದು ವಾದಿಸಿದರು. ಬೈದು ಬಿಸಾಡಲಿಲ್ಲ, ಪರೀಕ್ಷೆ ಮಾಡಿದರು. ನಾವು ಅವರಿಂದ ಕಲಿಯಬೇಕಾದ ಅಭ್ಯಾಸ ಇದು ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಈಗ ಅಗ್ಗಞ್ಞ ಸುತ್ತಕ್ಕೆ ಬರೋಣ. ಬ್ರಾಹ್ಮಣ ಕುಲದಿಂದ ಸಂಘಕ್ಕೆ ಬಂದ ವಾಸೆಟ್ಠ, ಭಾರದ್ವಾಜರನ್ನು ಅವರ ಕುಲದವರು ಬೈಯುತ್ತಿರುತ್ತಾರೆ, ಬ್ರಹ್ಮನ ಬಾಯಿಂದ ಹುಟ್ಟಿದವರು ಹೀನರ ಜೊತೆ ಸೇರಿದಿರಿ ಎಂದು. ಅದಕ್ಕೆ ಭಗವಾನರು ಕೊಡುವ ಉತ್ತರದಲ್ಲಿ ಶಾಸ್ತ್ರವೇ ಇಲ್ಲ. ಬ್ರಾಹ್ಮಣ ಹೆಂಗಸರೂ ಮುಟ್ಟಾಗುವುದನ್ನು, ಬಸುರಾಗುವುದನ್ನು, ಹೆರುವುದನ್ನು, ಹಾಲೂಡಿಸುವುದನ್ನು ಎಲ್ಲರೂ ನೋಡಿದ್ದೇವೆ, ತಾಯಿ ಹೊಟ್ಟೆಯಿಂದ ಬಂದವರು ಬಾಯಿಂದ ಬಂದೆವು ಎನ್ನುತ್ತಾರಲ್ಲ ಎಂದು ಕೇಳುತ್ತಾರೆ. ಎರಡು ಸಾವಿರ ವರ್ಷಕ್ಕೂ ಮಿಕ್ಕು ಕಳೆದು 1873ರಲ್ಲಿ ಜ್ಯೋತಿಬಾ ಫುಲೆ 'ಗುಲಾಮಗಿರಿ'ಯಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಎತ್ತಿದರು: ಬಾಯಿಂದ ಹೆತ್ತ ಬ್ರಹ್ಮ ತಿಂಗಳ ಮುಟ್ಟಿನಲ್ಲಿ ಎಲ್ಲಿ ಕೂರುತ್ತಿದ್ದ? ನಗು ಬರುತ್ತದೆ. ಆದರೆ ಕಣ್ಣಿಗೆ ಕಂಡದ್ದನ್ನು ಸಾಕ್ಷಿಯಾಗಿ ಇಟ್ಟು, ಕಾಣದ ಮೇಲ್ಮೆಯನ್ನು ಪ್ರಶ್ನಿಸುವ ಕ್ರಮ ಅದು.

ಸುತ್ತದ ಮುಂದಿನ ಭಾಗವೇ ಫಾರ್ವರ್ಡಿನಲ್ಲಿ ಇದ್ದದ್ದು. ತಾವೇ ಬೆಳಗುವ ಜೀವಿಗಳು ಆಕಾಶದಲ್ಲಿ ಸಂಚರಿಸುತ್ತಿದ್ದವು, ನೀರಿನ ಮೇಲೆ ಕೆನೆಯಂತೆ ಕಟ್ಟಿದ ನೆಲದ ರುಚಿಯನ್ನು ಬೆರಳಲ್ಲಿ ತೆಗೆದು ತಿಂದವು, ಆಸೆ ಹೆಚ್ಚಿ ಮೈ ಒರಟಾಯಿತು, ಬೆಳಕು ಹೋಯಿತು. ಆಮೇಲೆ ಅಕ್ಕಿ, ಕೂಡಿಡುವುದು, ಗಡಿ, ಕಳ್ಳತನ, ಕಡೆಗೆ ಜನ ಸೇರಿ ಒಬ್ಬನನ್ನು ರಾಜನೆಂದು ಆರಿಸುವುದು. ಹೇಳಿ, ಇದರಲ್ಲಿ ಜೀವವಿಕಾಸ ಎಲ್ಲಿದೆ? ಇದು ಜೀವಶಾಸ್ತ್ರ ಅಲ್ಲವೇ ಅಲ್ಲ. ರಿಚರ್ಡ್ ಗೋಂಬ್ರಿಚ್ ಅವರಂಥ ವಿದ್ವಾಂಸರು ಇದರಲ್ಲಿ ವೈದಿಕ ಸೃಷ್ಟಿಕಥೆಗಳ ಅಣಕವನ್ನು ಕಾಣುತ್ತಾರೆ. ನನಗೂ ಹಾಗೇ ಕಾಣುತ್ತದೆ. ರಾಜ, ವರ್ಣ, ಆಸ್ತಿ ಎಲ್ಲವೂ ಮನುಷ್ಯರ ನಡುವೆ, ಕಾಲದಲ್ಲಿ, ಕಾರಣದಿಂದ ಹುಟ್ಟಿದವು ಎಂಬುದು ಅದರ ಮಾತು.

2019ರಲ್ಲಿ ಜಲಂಧರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಒಬ್ಬ ಕುಲಪತಿ, ನೂರು ಕೌರವರು ಹುಟ್ಟಿದ್ದು ಆಕರಕೋಶ ತಂತ್ರದಿಂದ ಎಂದಾಗ ನಾವು ಇದೇ ಗುಂಪಿನಲ್ಲಿ ಎಷ್ಟು ನಕ್ಕೆವು. ಪುರಾಣದಲ್ಲಿ ವಿಮಾನ ಹುಡುಕುವವರಿಗೂ ಸುತ್ತದಲ್ಲಿ ಡಾರ್ವಿನ್ ಹುಡುಕುವವರಿಗೂ ವ್ಯತ್ಯಾಸ ಬೇಡವೇ? ಹೇಳಿದವರು ದೊಡ್ಡವರು, ಆದ್ದರಿಂದ ಅದು ವಿಜ್ಞಾನ ಎಂಬ ದಾರಿಯಲ್ಲಿ ಹೊರಟರೆ ನಾವು ಬಿಟ್ಟು ಬಂದ ಮನೆಗೇ ಹಿಂಬಾಗಿಲಿನಿಂದ ಹೋಗಿ ಸೇರುತ್ತೇವೆ. ಇದೇ ಥರದ ಇನ್ನೊಂದು ಫಾರ್ವರ್ಡು: ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯ ಎಂಬ 51ಎ(ಎಚ್) ವಿಧಿಯನ್ನು ಬಾಬಾಸಾಹೇಬರು ಬರೆದರು ಎಂದು. ಅದು ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಇಲ್ಲದ ಬಿರುದು ಅವರಿಗೆ ಬೇಕಿಲ್ಲ, ಇರುವುದೇ ಬೇಕಾದಷ್ಟಿದೆ.

ಜೀವಶಾಸ್ತ್ರದ ಮೇಡಂ ಎದುರು ಧೈರ್ಯವಾಗಿ ಇಡಬಹುದಾದ ಸುತ್ತ ಬೇಕಾದರೆ ವಾಸೆಟ್ಠ ಸುತ್ತ ಇದೆ. ಹುಲ್ಲು, ಮರ, ಹುಳು, ಇರುವೆ, ಹಾವು, ಮೀನು, ಹಕ್ಕಿ, ಇವುಗಳಲ್ಲಿ ಒಂದೊಂದು ಜಾತಿಗೂ ಹುಟ್ಟಿನಿಂದ ಬಂದ ಗುರುತು ಇದೆ, ಮನುಷ್ಯರಲ್ಲಿ ಕೂದಲು, ಕಿವಿ, ಕಣ್ಣು, ಬಾಯಿ ಯಾವುದರಲ್ಲೂ ಅಂಥ ಬೇರೆ ಬೇರೆ ಗುರುತಿಲ್ಲ ಎಂದು ಅಲ್ಲಿ ಹೇಳಿದೆ. ಕನ್ನಡ ಮೇಷ್ಟ್ರಾಗಿ ನನಗೆ ಆ ಪದದ ಮೇಲೇ ಕಣ್ಣು. ಹುಲಿ ಜಾತಿ, ಹಸು ಜಾತಿ ಎಂದು ನಾವೂ ಹೇಳುತ್ತೇವೆ. ಪಠ್ಯದಲ್ಲಿ ಅದಕ್ಕೆ ಪ್ರಭೇದ ಎನ್ನುತ್ತಾರೆ. ಆ ಅರ್ಥದಲ್ಲಿ ಮನುಷ್ಯ ಜಾತಿ ಒಂದೇ. ಉಳಿದವುಗಳಿಗೆ ಜಾತಿ ಎಂಬ ಪದವೇ ತಪ್ಪು ಬಳಕೆ. ಇದೂ ಆಧುನಿಕ ವಿಜ್ಞಾನವಲ್ಲ. ಆದರೆ ಬಂದು ನೋಡು ಎನ್ನುತ್ತದೆ, ನೋಡಿದರೆ ಈಗಲೂ ಹಾಗೇ ಕಾಣುತ್ತದೆ.

ಡಾರ್ವಿನ್ ಹೆಸರಿನಲ್ಲೂ ಅನ್ಯಾಯ ನಡೆದಿದೆ ಎಂಬುದನ್ನು ಮರೆಯಬಾರದು. ಬಲಿಷ್ಠನೇ ಬಾಳಬೇಕು ಎಂದು ಅದನ್ನು ತಿರುಚಿ ದುರ್ಬಲರನ್ನು ತುಳಿದವರಿದ್ದಾರೆ. ಬದುಕುಳಿದವನು ಉತ್ತಮನೇ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಕೇಳಿದ್ದಾರೆ. ಹೇಗೆ ಬಂದೆವು ಎಂಬುದನ್ನು ಜೀವಶಾಸ್ತ್ರ ಹೇಳಬಲ್ಲದು, ಹೇಗೆ ಬಾಳಬೇಕು ಎಂಬುದನ್ನು ಅದರ ಬಾಯಿಂದ ಹೊರಡಿಸಬಾರದು.

ಇನ್ನು ಆ ಹುಡುಗಿ. ನಾನು ಅವಳನ್ನು ಕೇಳಿದೆ, ತಾತ ಹಾಡುವಾಗ ಯಾರಿಗಾದರೂ ದೂರ ಕೂತ್ಕೋ ಅಂತಾರಾ? "ಇಲ್ಲ ಸಾರ್, ಎಲ್ಲಾ ಒಟ್ಗೇ ಕೂತ್ಕತಾರೆ." ಚಿಕ್ಕಲ್ಲೂರಿನ ಪಂಕ್ತಿಸೇವೆಯಲ್ಲಿ ಯಾವ ಜಾತಿಯೆಂದು ಕೇಳದೆ ಒಂದೇ ಸಾಲಿನಲ್ಲಿ ಉಣ್ಣುವುದನ್ನು ಅವಳು ನೋಡಿದ್ದಾಳೆ. ಲೋಕ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ತಾತನ ಹಾಡು ಉತ್ತರವಲ್ಲ, ಎಷ್ಟು ಚೆನ್ನಾಗಿದ್ದರೂ ಮೇಡಂ ಕೊಡುವ ಪ್ರಶ್ನೆಪತ್ರಿಕೆಗೆ ಅದನ್ನು ಬರೆಯಬೇಡ ಎಂದೆ. ಆದರೆ ತಾತ ಸುಳ್ಳು ಹೇಳುತ್ತಿಲ್ಲ, ನಿಜ ಗೊತ್ತಿದ್ದೂ ಮುಚ್ಚುವವನು ಸುಳ್ಳ ಎಂದೆ. ಅವಳು ಬಿಡಲಿಲ್ಲ. "ಹಂಗಾರೆ ಬಾಯಿಂದ ಹುಟ್ಟಿದ್ರು, ಪಾದದಿಂದ ಹುಟ್ಟಿದ್ರು ಅಂತ ಬರ್ದೋರೂ ಸುಳ್ಳು ಹೇಳಿಲ್ವಾ ಸಾರ್?" ಬರೆದವರ ಮನಸ್ಸು ನನಗೆ ಗೊತ್ತಿಲ್ಲವಮ್ಮ, ಅದನ್ನು ತೋರಿಸಿ ಬಾವಿ ಹತ್ತಿರ ಬಿಡದವರ ಮನಸ್ಸು ಗೊತ್ತು ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ತಲೆ ಆಡಿಸಿಕೊಂಡು ಹೋದಳು.

ಒಬ್ಬರು ಹಿರಿಯರು ನನ್ನನ್ನು ಕೇಳಿದ್ದರು, ಮೇಷ್ಟ್ರೇ, ಬ್ರಹ್ಮ ವಿಷ್ಣು ಮಹೇಶ್ವರರನ್ನು ನಂಬುವುದಿಲ್ಲ ಎಂಬುದೇ ನಮ್ಮ ಮೊದಲ ಪ್ರತಿಜ್ಞೆ, ತರಗತಿಯಲ್ಲಿ ನೇರವಾಗಿ ಯಾಕೆ ಹೇಳಬಾರದು ಎಂದು. ಆ ಪ್ರತಿಜ್ಞೆ ನಾನು ನನ್ನ ಇಚ್ಛೆಯಿಂದ, ದೊಡ್ಡವನಾದ ಮೇಲೆ ತೆಗೆದುಕೊಂಡದ್ದು. ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆ ಬೇಲಿ ಪುರುಷಸೂಕ್ತಕ್ಕೆ ಮಾತ್ರ, ನನಗಲ್ಲ ಎನ್ನಲಾರೆ. ಮಂಡಿಯೂರಿ ಕೂತ ಮಗುವಿಗೆ ಮೇಷ್ಟ್ರ ಮಾತೂ ಒಂದು ಅಶರೀರವಾಣಿಯೇ. ನಾನು ಹೇಳಿದೆ ಎಂಬ ಕಾರಣಕ್ಕೆ ಡಾರ್ವಿನ್ನನ್ನು ಒಪ್ಪುವ ಮಗು ನಾಳೆ ಇನ್ನೊಬ್ಬ ಹೇಳಿದ ಎಂದು ಬಿಟ್ಟುಬಿಡುತ್ತದೆ. ಹುಳುಮನೆಯ ಚಿಟ್ಟೆ ನೋಡಿ ಒಪ್ಪಿದ ಮಗು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಈ ಭಾನುವಾರ ಸಂಜೆಯ ಓದಿಗೆ ಅಗ್ಗಞ್ಞ ಸುತ್ತವನ್ನೇ ಇಟ್ಟುಕೊಂಡಿದ್ದೇವೆ, ಮೊದಲಿನಿಂದ ಕಡೆಯವರೆಗೆ. ವಿಜ್ಞಾನದ ಮೇಡಂ ಬರಲು ಒಪ್ಪಿದ್ದಾರೆ. ಅವರಿಗೆ ಸುತ್ತ ಹೊಸದು, ನಮ್ಮಲ್ಲಿ ಬಹಳ ಜನಕ್ಕೆ ಜೀವಶಾಸ್ತ್ರ ಹೊಸದು. ಫಾರ್ವರ್ಡ್ ಹಾಕಿದ ಅಣ್ಣನವರು ತಪ್ಪದೆ ಬರಬೇಕು, ಅವರ ಪಕ್ಕದಲ್ಲೇ ನಾನು ಕೂರುತ್ತೇನೆ. ಹೈಸ್ಕೂಲು ಮಕ್ಕಳನ್ನು ಕರೆತನ್ನಿ, ಮುಂದಿನ ಸಾಲು ಅವರಿಗೆ ಬಿಟ್ಟಿರುತ್ತದೆ. ರೇಷ್ಮೆ ಇಟ್ಟಿರುವವರು ಯಾರಾದರೂ ನಾಲ್ಕೈದು ಗೂಡು ತಂದರೆ ಒಳ್ಳೆಯದು.

ಭವತು ಸಬ್ಬ ಮಂಗಲಂ. ಜೈ ಭೀಮ್.